ಕೇಳಿದವರಿಗೆ ಕೊಡದ ಪಂಜಾ

ಯರೇಕೊಪ್ಪ, ತಾ. ನವಲಗುಂದ
25 ಮಾರ್ಚ್ 2024

ಹಜರತಅಲಿಗೆ ನೀಲಕ್ಕ ಅತ್ತಿಯ ಆಶೀರ್ವಾದ.

ಫೋನ್ ಮಾಡಿದರೆ ಕಟ್ ಮಾಡುತ್ತೀ. ಮತ್ತೆ ಮಾಡಿದರೆ ಬಂದ್ ಮಾಡಿ ಇಡುತ್ತೀ. ಪತ್ರವನ್ನು ಹೇಗೆ ಕಟ್ ಮಾಡುತ್ತೀ ನೋಡೋಣ. ಈ ಊರಿನ ಪೋಸ್ಟ್ ಮಾಸ್ತರಿಕೆ ಮಾಡುತ್ತ ಮಂದಿಯ ಪತ್ರಕ್ಕೆ ಶಿಕ್ಕಾ ಹೊಡೆದು ಹೊಡೆದು ನನ್ನ ತೋಳು ಸೋತಿದೆ. ನನ್ನದೇ ಪತ್ರಕ್ಕೆ ನಾನೇ ಶಿಕ್ಕಾ ಹೊಡೆಯುತ್ತಿರುವುದು ಇದೇ ಮೊದಲು. ಆ ಪುಣ್ಯ ನಿನ್ನಿಂದ ಬಂತು.

ನಿಮ್ಮ ಅಪ್ಪ ರಾಜೇಸಾಬ ತೀರಿಕೊಂಡ ಮೇಲೆ ಎರಡು ಮೊಹರಂ ಹೋದವು. ಮೊದಲ ವರ್ಷ ಸೂತಕ ಎಂದೆವು, ಸುಮ್ಮನಾದೆವು. ಹೋದ ವರ್ಷ ಸೂರತ್ತಿನ ಮಗ್ಗದ ಕೆಲಸ ಬಿಟ್ಟು ಬರಲಾಗುವುದಿಲ್ಲ ಎಂದೆ. ಎಲ್ಲಿಂದಲೋ ಒಬ್ಬ ಮುಲ್ಲಾರನ್ನು ಕರೆಸಿದೆವು. ಆ ಪುಣ್ಯಾತ್ಮರು ಬಸ್ಸು ತಪ್ಪುತ್ತದೆ ಎಂದು ನಿಂತಲ್ಲೇ ಗಡಬಡಿಸಿ ಓದಿ, ಸಕ್ಕರೆಯನ್ನೂ ಹಂಚದೆ ಹೋದರು. ಹೆಣ್ಣುಮಕ್ಕಳು ನನ್ನ ಮುಂದೆ ಬಂದು ಅತ್ತರು. ಈ ಊರಲ್ಲಿ ಒಂದೂ ಮುಸಲ್ಮಾನರ ಮನೆಯಿಲ್ಲ ಎಂಬುದು ನಿನಗೆ ಗೊತ್ತು. ಮಸೂತಿ ನಮ್ಮದು, ದೇವರೆಂದು ಕೂರಿಸುವ ಹಿತ್ತಾಳೆಯ ಪಂಜಾಗಳು ನಮ್ಮ ಮನೆಯ ಪೆಟ್ಟಿಗೆಯಲ್ಲಿವೆ, ಹರಕೆ ಹೊತ್ತವರು ನಾವು. ಆದರೆ ಕುರಾನಿನ ಫಾತಿಹಾ ಓದುವ ಹಕ್ಕು ಮುಲ್ಲಾಗಳಾದ ನಿಮ್ಮ ಮನೆಯದು. ನೀವು ಓದಿ ಎಬ್ಬಿಸದಿದ್ದರೆ ದೇವರು ಏಳುವುದಿಲ್ಲ.

ಹೋದ ವಾರ ನವಲಗುಂದಕ್ಕೆ ಹೋದಾಗ ನಿಮ್ಮ ಅವ್ವ ಜಮೀಲಾಬಿ ಜಮಖಾನೆ ನೇಯುತ್ತ ಕೂತಿದ್ದಳು. ಈ ಸಲ ರಮಜಾನ್ ಹಬ್ಬಕ್ಕೂ ನೀನು ಬರುವುದಿಲ್ಲವಂತೆ. ಯಾಕೆ ಎಂದರೆ ಅವಳಿಗೂ ಸರಿಯಾಗಿ ಹೇಳಲು ಬರಲಿಲ್ಲ. ‘ಯಾರೋ ಖಲೀಫ ಬರೋರದಾರಂತ್ರಿ, ಅವರು ಬಂದ್ರ ಎಲ್ಲಾ ಸರಿ ಆಗ್ತದಂತ’ ಎಂದಳು. ಈ ಖಲೀಫ ಯಾರಪ್ಪಾ? ಗಿರಣಿಗೆ ಬರುವ ಹೊಸ ಸಾಹೇಬನೇ?

ನನಗೆ ಅನ್ನಿಸುವುದು ಬೇರೆ. ಸೂರತ್ತಿನಲ್ಲಿ ಯಾವಳೋ ಹುಡುಗಿ ಮನಸ್ಸಿಗೆ ಬಂದಿದ್ದಾಳೆ, ಅವ್ವನ ಮುಂದೆ ಹೇಳಲು ಬಾಯಿ ಬರುತ್ತಿಲ್ಲ. ಹಾಗಿದ್ದರೆ ನನಗೆ ಬರೆ. ಜಮೀಲಾಬಿಯನ್ನು ಒಪ್ಪಿಸುವುದು ನನ್ನ ಕೆಲಸ. ಜುಲೈನಲ್ಲಿ ಮೊಹರಂ. ಇಬ್ಬರೂ ಕೂಡಿಯೇ ಬರ್ರಿ.

ನಿನ್ನ
ನೀಲಕ್ಕ ಅತ್ತಿ


ಸೂರತ್
16 ಏಪ್ರಿಲ್ 2024

ಗೌರವಾನ್ವಿತ ನೀಲಕ್ಕ ಅತ್ತಿಯವರಿಗೆ ಹಜರತಅಲಿ ಮಾಡುವ ಸಲಾಮುಗಳು.

ನಿಮ್ಮ ಪತ್ರ ಮುಟ್ಟಿತು. ಹುಡುಗಿ ಗಿಡುಗಿ ಯಾರೂ ಇಲ್ಲ. ಖಲೀಫ ಎಂದರೆ ಗಿರಣಿಯ ಸಾಹೇಬನೂ ಅಲ್ಲ.

ಪ್ರವಾದಿಯವರು ತೀರಿಕೊಂಡ ಮೇಲೆ ಮುಸಲ್ಮಾನರೆಲ್ಲರನ್ನು ನಡೆಸಲು ಕೂತವರಿಗೆ ಖಲೀಫ ಎನ್ನುತ್ತಾರೆ. ಮೊದಲ ನಾಲ್ವರು ಹರಿದ ಅಂಗಿ ತೊಟ್ಟು ನ್ಯಾಯ ಮಾಡಿದವರು. ಆಮೇಲೆ ಏನೇನೋ ಆಯಿತು. ಆದರೂ ಆ ಪೀಠ ಇತ್ತು. ಸರಿಯಾಗಿ ನೂರು ವರ್ಷದ ಹಿಂದೆ, 1924ರ ಮಾರ್ಚಿನಲ್ಲಿ, ತುರ್ಕಿ ದೇಶದವರು ಅದನ್ನು ತೆಗೆದುಹಾಕಿದರು. ಅಂದಿನಿಂದ ನಾವು ಹೇಳುವವರು ಕೇಳುವವರಿಲ್ಲದವರು.

ಇದು ಪುಸ್ತಕದ ಮಾತು ಎಂದು ನಗಬೇಡಿ. ಹೋದ ವರ್ಷ ನನ್ನ ಬಾಜೂ ಮಗ್ಗದ ಹುಡುಗನ ಕೈ ಬೆಲ್ಟಿಗೆ ಸಿಕ್ಕಿ ತುಂಡಾಯಿತು. ಇವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದ ಗಿರಣಿಯ ಮಾಲೀಕ. ನಾವು ನಾಲ್ಕು ಜನ ಹೋಗಿ ಕೇಳಿದೆವು. ನೀವು ಯಾರು, ಎಲ್ಲಿಂದ ಬಂದಿರಿ ಎಂದು ಉಲ್ಟಾ ನಮ್ಮನ್ನೇ ಕೇಳಿದರು. ಅವತ್ತು ನಮ್ಮ ಪರವಾಗಿ ಒಂದು ಮಾತಾಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಆ ಹುಡುಗನ ಮುಖ ನನ್ನ ಕಣ್ಣು ಬಿಟ್ಟು ಹೋಗಿಲ್ಲ. ಇಲ್ಲಿ ಅಮೀರ್ ಸಾಹೇಬರು ಎಂಬುವರಿದ್ದಾರೆ. ಮೊದಲು ನೂಲಿನ ವ್ಯಾಪಾರ ಮಾಡುತ್ತಿದ್ದರು. ವಾರಕ್ಕೊಮ್ಮೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮನ್ನು ಕೂರಿಸಿಕೊಂಡು ಖಿಲಾಫತ್ ಮರಳಿ ಬರುವ ಮಾತು ಹೇಳುತ್ತಾರೆ. ಅಲ್ಲಿ ಕೂತಾಗ ಮಾತ್ರ ನನಗೂ ಒಂದು ದಿಕ್ಕಿದೆ ಅನ್ನಿಸುತ್ತದೆ.

ಪಂಜಾ ಕೂರಿಸುವುದು ನಮ್ಮ ಧರ್ಮದಲ್ಲಿ ಇಲ್ಲ. ಅಬ್ಬಾ ತಿಳಿಯದೆ ಮಾಡಿದರು. ತಿಳಿದೂ ತಿಳಿದೂ ನಾನು ಮಾಡಲಾರೆ. ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಇಂತಿ
ಹಜರತಅಲಿ


ಯರೇಕೊಪ್ಪ
1 ಮೇ 2024

ಹಜರತಅಲಿಗೆ,

ನಿನ್ನ ಪತ್ರವನ್ನು ನಮ್ಮ ಮನೆಯವರಿಗೂ ಓದಿ ಹೇಳಿದೆ. ಇಬ್ಬರೂ ಕೂಡಿ ವಿಚಾರ ಮಾಡಿದೆವು. ನನಗೆ ತಿಳಿದದ್ದು ಇಷ್ಟು. ಮಠದ ಗದ್ದುಗೆ ಇದ್ದ ಹಾಗೆ ಅದು. ಹಿರಿಯ ಸ್ವಾಮಿಗಳು ಲಿಂಗೈಕ್ಯರಾದರು, ಮರಿಸ್ವಾಮಿಯನ್ನು ಮಾಡಿರಲಿಲ್ಲ, ಗದ್ದುಗೆ ಖಾಲಿ ಉಳಿಯಿತು. ಅದಕ್ಕೆ ಯಾಕೆ ಇಷ್ಟು ಒದ್ದಾಟ? ಭಕ್ತರು ಕೂತು ಯೋಗ್ಯನಾದ ಒಬ್ಬ ಮರಿಯನ್ನು ಹುಡುಕಿದರೆ ಮುಗಿಯಿತು. ನಮ್ಮ ಬಾಜೂ ಊರಿನ ಮಠ ಎರಡು ವರ್ಷ ಖಾಲಿ ಇದ್ದಾಗ ನಾನೇ ಸ್ವಾಮಿ, ನಾನೇ ಸ್ವಾಮಿ ಎಂದು ನಾಲ್ಕು ಮಂದಿ ಕಾವಿ ಉಟ್ಟು ಬಂದರು. ಭಕ್ತರು ನಾಲ್ವರಿಗೂ ಊಟ ಹಾಕಿ ಕಳಿಸಿದರು.

ನಮ್ಮ ಅಜ್ಜ ಹೇಳುತ್ತಿದ್ದುದು ನೆನಪಾಯಿತು. ಗಾಂಧೀಜಿಯವರ ಕಾಲದಲ್ಲಿ ಅವರೂ ಧಾರವಾಡಕ್ಕೆ ಹೋಗಿ ಖಿಲಾಫತ್ ಎಂದು ಕೂಗುತ್ತ ಮೆರವಣಿಗೆಯಲ್ಲಿ ನಡೆದಿದ್ದರಂತೆ. ಅದು ಏನು ಎಂದು ನಾನು ಕೇಳಿದರೆ, ‘ಏನೋ ಯಾಂವಗ್ಗೊತ್ತವಾ, ನಿಮ್ಮ ಮುಲ್ಲಾನ ಅಜ್ಜ ಹೊಂಟಿದ್ದ, ನಾನೂ ಜೋಡಿ ಹ್ವಾದೆ’ ಎಂದಿದ್ದರು. ಲಿಂಗ ಕಟ್ಟಿದ ಮುದುಕ ತುರ್ಕಿಯ ಖಲೀಫನಿಗಾಗಿ ಬಿಸಿಲಲ್ಲಿ ನಡೆದ. ನೀನು ನಮ್ಮ ಊರಿಗೆ ಬಂದು ನಿಮ್ಮ ಅಪ್ಪನ ಓದಿಕೆ ಓದಲಾರೆ.

ಇನ್ನೊಂದು. ಮೊಹರಂ ಪದಗಳನ್ನು ಹುಟ್ಟಿದಾಗಿನಿಂದ ಕೇಳಿದವಳು ನಾನು. ಹುಸೇನಸಾಹೇಬರು ಯಾರ ಎದುರು ತಲೆ ಕೊಟ್ಟರು? ಖಲೀಫ ಎಂದು ಕೂತ ಯಜೀದನ ಎದುರು. ಆ ಪೀಠದ ಸಲುವಾಗಿಯೇ ನಾವು ಇಷ್ಟು ಕಾಲ ಎದೆ ಬಡಿದುಕೊಂಡು ಅತ್ತಿದ್ದೇವೆ. ನೀನು ಕರೆತರುವವನು ಯಾವ ಕಡೆಯವನು, ನೋಡಿಕೊಂಡಿದ್ದೀಯಾ?

ಮುಂದಿನ ವಾರ ನಮ್ಮಲ್ಲಿ ಓಟು. ಊರಲ್ಲಿ ಎಲ್ಲ ಸುರಳೀತ ಇದೆ. ಮಸೂತಿಗೆ ಸುಣ್ಣ ಹಚ್ಚಿಸಬೇಕು. ಅಷ್ಟೇ.

ನಿನ್ನ
ನೀಲಕ್ಕ ಅತ್ತಿ


ಸೂರತ್
10 ಜೂನ್ 2024

ನೀಲಕ್ಕ ಅತ್ತಿಯವರಿಗೆ,

ಎಲ್ಲ ಸುರಳೀತ ಇದೆ ಎಂದು ಬರೆದಿರಿ. ಯಾಕೆ ಸುಳ್ಳು ಹೇಳಿದಿರಿ?

ನಿನ್ನೆ ಅವ್ವ ಫೋನಿನಲ್ಲಿ ಎಲ್ಲ ಹೇಳಿದಳು. ಚುನಾವಣೆಗಿಂತ ಮುಂಚೆಯೇ ಮೈಲಾರವ್ವನ ಮಗ ಭೀಮಶಿ ಹೊರಗಿನ ಹುಡುಗರನ್ನು ಕಟ್ಟಿಕೊಂಡು ಬಂದು, ಇದು ಹಿಂದೂಗಳ ಊರು, ಇಲ್ಲಿ ಮೊಹರಂ ಯಾಕೆ ಎಂದು ಮಸೂತಿಯ ಬಾಗಿಲಿಗೆ ತನ್ನ ಕೀಲಿ ಜಡಿದನಂತೆ. ಅಬ್ಬಾನ ಜೊತೆ ಬಂದಾಗಲೆಲ್ಲ ನಾನೂ ಅವನೂ ಒಂದೇ ಹಳ್ಳದಲ್ಲಿ ಈಜಿದವರು. ಮೊಹರಂನ ಐದನೇ ದಿನ ನಮ್ಮ ಅಬ್ಬಾ ಅವನ ಕೊರಳಿಗೆ ಹರಕೆಯ ಲಾಡಿದಾರ ಕಟ್ಟಿ ಫಕೀರ ಮಾಡುತ್ತಿದ್ದರು. ಈಗ ಅವನೇ ಕೀಲಿ ಹಾಕುತ್ತಾನೆ, ನೀವು ನನಗೆ ಸುಣ್ಣದ ಮಾತು ಬರೆಯುತ್ತೀರಿ.

ಮಠದ ಗದ್ದುಗೆ ಎಂದು ನಕ್ಕಿರಿ. ಖಲೀಫ ಸ್ವಾಮಿಯಲ್ಲ ಅತ್ತಿ, ಅರಸ. ಯಜೀದನಂಥವರು ಕೂತರು, ನಿಜ. ಕೆಟ್ಟವನು ಕೂತ ಎಂದು ಪೀಠವೇ ಬೇಡ ಎನ್ನಲಾಗುತ್ತದೆಯೇ? ಒಬ್ಬ ಖಲೀಫ ಇದ್ದಿದ್ದರೆ ಭೀಮಶಿಗೆ ಆ ಧೈರ್ಯ ಬರುತ್ತಿತ್ತೇ? ನೀವು ಒಳ್ಳೆಯವರು. ನಿಮ್ಮ ಒಳ್ಳೆಯತನಕ್ಕೆ ಆ ಕೀಲಿ ತೆಗೆಯಲು ಆಗಲಿಲ್ಲವಲ್ಲ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ. ಮೊಹರಂ ಒಂದನೇ ತಾರೀಖು ನಮ್ಮ ಹೊಸ ವರ್ಷ. ಅವತ್ತು ಅಮೀರ್ ಸಾಹೇಬರು ತಾವೇ ಖಲೀಫ ಎಂದು ಸಾರುತ್ತಾರೆ. ನಾವು ಅವರ ಕೈಯಲ್ಲಿ ಕೈಯಿಟ್ಟು ಪ್ರಮಾಣ ಮಾಡಬೇಕು. ಅದಾದ ಮೇಲೆ ಅವರು ಹೇಳಿದ್ದು ಬಿಟ್ಟು ಬೇರೆ ದಾರಿ ಇಲ್ಲ. ಪಂಜಾ ಮಾಡುವವರ ಜೊತೆ ಸಂಬಂಧ ಇರಬಾರದು. ಅವ್ವ ನಿಮ್ಮ ಊರಿಗೆ ಬರುವುದನ್ನು ಬಿಡದಿದ್ದರೆ ಅವ್ವನ ಜೊತೆಗೂ ಇರಬಾರದು.

ಇದೇ ಕಡೆಯ ಪತ್ರ.

ಹಜರತಅಲಿ


ಯರೇಕೊಪ್ಪ
17 ಜೂನ್ 2024, ಬಕ್ರೀದ್

ಹಜರತಅಲಿ,

ಇವತ್ತು ಪೋಸ್ಟಿಗೆ ರಜೆ. ಹೆಸರುಕಾಳು ಬಿತ್ತಲು ಮನೆಯವರೆಲ್ಲ ಹೊಲಕ್ಕೆ ಹೋಗಿದ್ದಾರೆ. ಒಬ್ಬಳೇ ಕೂತು ಬರೆಯುತ್ತಿದ್ದೇನೆ. ನಿನ್ನ ಪತ್ರ ಓದಿ ಮೈಯೆಲ್ಲ ಉರಿಯಿತು. ಆಮೇಲೆ ಅಳು ಬಂತು. ಕಡೆಯ ಪತ್ರವಂತೆ! ನಿನ್ನನ್ನು ಸೊಂಟದ ಮೇಲೆ ಹೊತ್ತು ಮಸೂತಿಯ ಕಟ್ಟೆ ಹತ್ತಿದವಳು ನಾನು. ಕಡೆಯ ಪತ್ರ ಯಾವುದೆಂದು ನಾನು ಹೇಳುತ್ತೇನೆ.

ಹೌದು, ಮುಚ್ಚಿಟ್ಟೆ. ನಾಚಿಕೆಯಾಯಿತು, ಮುಚ್ಚಿಟ್ಟೆ. ನಮ್ಮ ಊರ ಹುಡುಗ ಹೀಗೆ ಮಾಡಿದ ಎಂದು ನಿನಗೆ ಯಾವ ಬಾಯಿಂದ ಹೇಳಲಿ? ಅಷ್ಟು ದೂರದಲ್ಲಿ ಒಬ್ಬನೇ ಇದ್ದೀ, ಕೇಳಿ ಇನ್ನಷ್ಟು ದೂರ ಹೋಗುತ್ತೀ ಎಂದು ಹೆದರಿದೆ. ಕೀಲಿಯ ಮಾತು ಹಿರಿಯರ ಮುಂದೆ ಇಟ್ಟೆ. ಮಳೆ ಆಗಲಿ, ಬಿತ್ತಿಗೆ ಮುಗಿಯಲಿ ಎಂದು ಎಲ್ಲರೂ ನೆಲ ನೋಡಿದರು. ಮೈಲಾರವ್ವ ಮಗನ ಜೊತೆ ಮಾತು ಬಿಟ್ಟಿದ್ದಾಳೆ. ಅವನ ರೊಟ್ಟಿ ಬಡಿದು ಇಡುತ್ತಾಳೆ, ಮುಖ ನೋಡುವುದಿಲ್ಲ.

ಅರಸನೋ ಸ್ವಾಮಿಯೋ ನನಗೆ ಗೊತ್ತಿಲ್ಲ. ಅಮೀರ್ ಸಾಹೇಬರು ತಾವೇ ಖಲೀಫ ಎಂದು ಸಾರುತ್ತಾರೆ ಎಂದು ಬರೆದಿದ್ದೀ. ಆ ಸಾಲಿಗೆ ಬಂದು ನಾನು ನಿಂತುಬಿಟ್ಟೆ. ಹುಸೇನಸಾಹೇಬರ ಪಂಜಾವನ್ನು ನಿಮ್ಮ ಅಪ್ಪ ಯಾರ ಕೈಗೆ ಕೊಡುತ್ತಿದ್ದ ಎಂಬುದು ನೆನಪಿದೆಯೇ? ನಮ್ಮಲ್ಲಿ ಕೇಳಿದವರಿಗೆ ಆ ಪಂಜಾ ಕೊಡುವುದಿಲ್ಲ. ಊರ ಹಿರಿಯರು, ನಿಮ್ಮ ಅಪ್ಪ ಕೂಡಿ ಒಬ್ಬನ ಮನೆ ಮುಂದೆ ಹೋಗಿ ನಿಲ್ಲುತ್ತಿದ್ದರು. ಅವನು ನನಗೆ ಬೇಡ, ನನಗೆ ಆ ಯೋಗ್ಯತೆ ಇಲ್ಲ ಎನ್ನಬೇಕು. ಮತ್ತೆ ಕೇಳುವರು, ಮತ್ತೆ ಬೇಡ ಎನ್ನಬೇಕು. ಮೂರನೇ ಸಲವೂ ಬೇಡ ಎಂದ ಮೇಲೆ ಪಂಜಾ ಅವನದು. ಒಂದು ವರ್ಷ ಕುರಿ ಕನಕಪ್ಪನ ಮನೆಗೆ ಹೋದಾಗ, ಪಾಪ, ಆಸೆ ತಡೆಯಲಾರದೆ ಮೊದಲ ಸಲಕ್ಕೇ ‘ತರ್ರಿ’ ಎಂದುಬಿಟ್ಟ. ನಿಮ್ಮ ಅಪ್ಪ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಆ ವರ್ಷವೆಲ್ಲ ಕನಕಪ್ಪನಿಗೆ ಊರಲ್ಲಿ ಮುಖ ತೋರಿಸಲು ಆಗಲಿಲ್ಲ.

ಅದು ಐದಾರು ದಿನ ಹೊರುವ ಒಂದು ಹಿತ್ತಾಳೆಯ ಕೈ. ಅದಕ್ಕೇ ನಾವು ಇಷ್ಟು ನೋಡುತ್ತೇವೆ. ನಿನ್ನ ಅಮೀರ ಕೇಳುತ್ತಿರುವುದು ಲೋಕದ ಮುಸಲ್ಮಾನರನ್ನೆಲ್ಲ. ಯಾರು ಅವನ ಮನೆ ಮುಂದೆ ಹೋಗಿ ನಿಂತರು? ಅವನು ಎಷ್ಟು ಸಲ ಬೇಡ ಎಂದ? ಇಷ್ಟು ಕೇಳಿಕೊಂಡು ಬಾ.

ನೀನು ಊರಿಗೆ ಬರಬೇಡ. ಓದಿಕೆ ಓದಬೇಡ. ಕೈ ಕೊಡುವ ಮುಂಚೆ ಅದೊಂದು ಮಾತು ಕೇಳು. ಬೇರೆ ಏನೂ ನಾನು ಬೇಡುವುದಿಲ್ಲ.

ನೀಲಕ್ಕ


ಹುಬ್ಬಳ್ಳಿ, ದವಾಖಾನೆಯಿಂದ
3 ಜುಲೈ 2024

ಹಜರತಅಲಿ,

ನಿನ್ನಿಂದ ಪತ್ರ ಬರಲಿಲ್ಲ. ಬಂದಿದ್ದರೂ ಪೋಸ್ಟಿನಲ್ಲಿ ನಾನಿಲ್ಲ. ಕಾಲು ಮುರಿದುಕೊಂಡು ಬಿದ್ದಿದ್ದೇನೆ. ಸಣ್ಣ ಕೆಲಸಕ್ಕೆ ಮುರಿದುಕೊಳ್ಳಲಿಲ್ಲ, ಅದೊಂದು ಸಮಾಧಾನ.

ಶನಿವಾರ ಮಧ್ಯಾಹ್ನ ತಡೆಯಲು ಆಗಲಿಲ್ಲ. ಹಿರಿಯರು ನೆಲ ನೋಡುತ್ತ ಕೂತರೆ ಮೊಹರಂ ಕಾಯುತ್ತದೆಯೇ? ಒಂದು ಕಲ್ಲು ತೆಗೆದುಕೊಂಡು ಮಸೂತಿಯ ಕಟ್ಟೆ ಹತ್ತಿ ಭೀಮಶಿಯ ಕೀಲಿಗೆ ಹೊಡೆದೆ. ಕೀಲಿ ಜಗ್ಗಲಿಲ್ಲ, ನಾನು ಜಾರಿದೆ. ಮಳೆಗೆ ಕಟ್ಟೆ ಪಾಚಿಗಟ್ಟಿತ್ತು. ಬಿದ್ದ ಸಪ್ಪಳಕ್ಕೆ ಮೊದಲು ಓಡಿಬಂದವನು ಯಾರು ಎಂದುಕೊಂಡೆ? ಅವನೇ. ನನ್ನನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಟಂಟಂ ಗಾಡಿಯಲ್ಲಿ ಮಲಗಿಸಿ, ಕೆಸರು ರಸ್ತೆಯಲ್ಲಿ ಹುಬ್ಬಳ್ಳಿಯವರೆಗೆ ಒಂದು ತಗ್ಗಿಗೂ ಕುಲುಕದಂತೆ ತಂದ. ಬೈಯಬೇಕೆಂದು ಬಾಯಿ ತೆರೆದರೆ ಅವನೇ ಅಳುತ್ತಿದ್ದ. ‘ದೊಡ್ಡವ್ವಾ, ನಿನಗೇನರ ಆದ್ರ ನಮ್ಮವ್ವ ನನ್ನ ಹೆಣದ ಮುಖಾನೂ ನೋಡೂದಿಲ್ಲ’ ಎಂದ. ಕಾಲಿನ ನೋವಿನಲ್ಲೂ ನನಗೆ ನಗು ಬಂತು.

ಮರುದಿನ ನಮ್ಮ ಮನೆಯವರು ಬಂದು ಹೇಳಿದರು, ಮಸೂತಿಯ ಬಾಗಿಲಿಗೆ ಕೀಲಿ ಇಲ್ಲ. ಯಾರು ತೆಗೆದರು, ಯಾರೂ ನೋಡಿಲ್ಲವಂತೆ. ಆದರೂ ಅವನು ಒಪ್ಪಿದ್ದಾನೆ ಎಂದು ತಿಳಿಯಬೇಡ. ಕಟ್ಟೆಯ ಮೇಲೆ ಕೂತು ಮೊಹರಂ ಬೇಡ ಎಂದೇ ಹೇಳುತ್ತಿದ್ದಾನೆ.

ಎಂಟನೇ ತಾರೀಖು ಮಸೂತಿಯ ಮುಂದಿನ ಬೆಂಕಿಕುಣಿಗೆ ಗುದ್ದಲಿ ಬೀಳುತ್ತದೆ. ಹನ್ನೆರಡಕ್ಕೆ ದೇವರು ಕೂರುತ್ತವೆ. ಈ ಸಲ ಹುಸೇನಸಾಹೇಬರ ಪಂಜಾಕ್ಕೆ ಯಾರ ಮನೆ ಮುಂದೆ ಹೋಗಿ ನಿಲ್ಲಬೇಕು ಎಂದು ಹಿರಿಯರಿಗೆ ಹೇಳಿ ಕಳಿಸಿದ್ದೇನೆ. ಯಾರ ಮನೆ ಎಂದು ನಿನಗೆ ಬರೆಯುವುದಿಲ್ಲ. ನಿನಗೆ ಬೇಕಾಗಿಲ್ಲವಲ್ಲ.

ನೀಲಕ್ಕ


ಸೂರತ್
9 ಜುಲೈ 2024

ಪ್ರೀತಿಯ ಅತ್ತಿಗೆ,

ನಿಮ್ಮ ಕಾಲು ಹೇಗಿದೆ? ದವಾಖಾನೆಯ ವಿಳಾಸ ಅವ್ವನಿಂದ ಪಡೆದೆ. ಜೂನಿನ ಪತ್ರ ಬಂದಾಗ ಓದಿ ಮಡಚಿ ದಿಂಬಿನ ಕೆಳಗೆ ಇಟ್ಟುಬಿಟ್ಟಿದ್ದೆ. ಏನು ಬರೆಯಬೇಕೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ನಿನ್ನೆ ಪ್ರಮಾಣದ ದಿನ. ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬೊಬ್ಬರೇ ಎದ್ದು ಹೋಗಿ ಅಮೀರ್ ಸಾಹೇಬರ ಕೈಯಲ್ಲಿ ಕೈಯಿಡುತ್ತಿದ್ದರು. ನನ್ನ ಸರದಿ ಬಂತು. ಮುಂದೆ ಹೋಗಿ ಕೂತೆ. ಅವರು ಕೈ ಚಾಚಿದರು. ನನ್ನ ಕೈ ಮೇಲೇಳಲಿಲ್ಲ, ಬಾಯಿ ಎದ್ದಿತು. ಹುಜೂರ್, ಖಲೀಫ ಆಗಬೇಕು ಎಂದು ನಿಮ್ಮ ಬಾಗಿಲಿಗೆ ಬಂದು ಕೇಳಿದವರು ಯಾರು, ನೀವು ಒಮ್ಮೆಯಾದರೂ ಬೇಡ ಎಂದಿರಾ ಎಂದು ಕೇಳಿದೆ.

ಸಿಟ್ಟು ಮಾಡಲಿಲ್ಲ, ನಕ್ಕರು. ಅಲ್ಲಾಹ್ ನನಗೆ ಕೊಟ್ಟಿದ್ದಾನೆ, ಬೇಡ ಎನ್ನಲು ನಾನು ಯಾರು ಎಂದರು. ಕೊಟ್ಟದ್ದನ್ನು ಯಾರು ನೋಡಿದರು ಎಂದೆ. ಹಿಂದಿನಿಂದ ಯಾರೋ ನನ್ನ ಅಂಗಿ ಜಗ್ಗಿದರು. ಆಗ ಅವರ ನಗು ಹೋಯಿತು. ನಿನ್ನ ತಲೆಯಲ್ಲಿ ಇನ್ನೂ ಆ ಪಂಜಾ ಮಾಡುವ ಊರಿನ ಗಾಳಿ ಇದೆ, ಈಗಲೇ ಎಲ್ಲರೆದುರು ತಾಯಿಗೆ ಫೋನ್ ಮಾಡಿ ಆ ಊರಿಗೆ ಕಾಲಿಡಬೇಡ ಎಂದು ಹೇಳು ಎಂದರು. ಮಾಡಿದೆ. ಇಡೀ ಕೋಣೆಗೆ ಕೇಳುವಂತೆ ಇಟ್ಟೆ. ಹೇಳಬೇಕೆಂದೇ ಮಾಡಿದೆ ಅತ್ತಿ, ನಿಮಗೆ ಸುಳ್ಳು ಬರೆಯುವುದಿಲ್ಲ. ಅವ್ವ ನಮ್ಮ ಮನೆಮಾತಿನಲ್ಲಿ ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. ‘ನೀಲಕ್ಕ ಕಾಲು ಮುರಕೊಂಡು ಬಿದ್ದಾಳ. ನಿಮ್ಮಪ್ಪನ ಕೆಲಸ ನೀ ಮಾಡದಿದ್ರ ಈ ಸಲ ನಾ ಹೋಗಿ ಓದ್ತೀನಿ. ನಿಮ್ಮ ಖಲೀಫಗ ಹೇಳು, ಬೇಕಾದ್ರ ಬಂದು ಕೂತು ಕೇಳಲಿ.’

ಕೋಣೆಯಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಯಾರು ಎಂದು ತಿರುಗಿ ನೋಡಿದರೆ, ಕೈ ಕಳೆದುಕೊಂಡನಲ್ಲ, ಅದೇ ಹುಡುಗ. ನನಗೂ ನಗು ಬಂತು. ಎದ್ದು ಮೆಟ್ಟಿಲಿಳಿದೆ. ಅವನೂ ಬಂದ. ನಮ್ಮ ಹಿಂದೆ ಇನ್ನಿಬ್ಬರು ಬಂದರು. ಕೆಳಗಿನ ಹೋಟೆಲಿನಲ್ಲಿ ಚಹಾ ಕುಡಿದೆವು. ಅಂಥ ರುಚಿಯ ಚಹಾ ಈ ಮೂರು ವರ್ಷದಲ್ಲಿ ಕುಡಿದಿರಲಿಲ್ಲ.

ಆಮೇಲೆ ನಮ್ಮ ಗಲ್ಲಿಯ ಮಸೀದಿಯ ಮುದಿ ಇಮಾಮರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅಧಿಕಾರ ಬೇಕೆಂದು ಕೇಳಿ ಬಂದವರಿಗೆ ಪ್ರವಾದಿಯವರು ಅಧಿಕಾರ ಕೊಡುತ್ತಿರಲಿಲ್ಲ, ಇದು ಮದರಸಾದ ಮಕ್ಕಳಿಗೂ ಗೊತ್ತು, ನಿನಗೆ ಕರ್ನಾಟಕದಿಂದ ಪತ್ರ ಬರಬೇಕಾಯಿತೇ ಎಂದು ಅವರು ನನ್ನ ಬೆನ್ನಿಗೆ ಒಂದು ಬಿಟ್ಟರು.

ಒಂದು ಮಾತು ಮಾತ್ರ ಉಳಿಯಿತು. ಆ ಕೋಣೆ ಬಿಟ್ಟೆ. ಆದರೆ ನಮ್ಮ ಪರವಾಗಿ ಒಬ್ಬರು ನಿಲ್ಲಬೇಕು ಎಂಬ ಆಸೆ ಬಿಟ್ಟಿಲ್ಲ. ಅದಕ್ಕೆ ನಿಮ್ಮ ಹತ್ತಿರವೂ ಉತ್ತರ ಇಲ್ಲ. ಊರಿಗೆ ಬರುತ್ತೇನೆ ಎಂದೂ ನಾನು ಬರೆಯುತ್ತಿಲ್ಲ.

ನಿಮ್ಮ
ಹಜರತಅಲಿ


ಯರೇಕೊಪ್ಪ, ಪೋಸ್ಟಿನ ಕಟ್ಟೆಯಿಂದ
19 ಜುಲೈ 2024

ಪ್ರೀತಿಯ ಅತ್ತಿಗೆ ಸಾವಿರ ಸಲಾಮು.

ಈಗ ನೀವು ಊರ ಹೊರಗೆ, ನಾನು ಊರ ಒಳಗೆ! ನಿಮ್ಮ ಕುರ್ಚಿಯಲ್ಲಿ ಕೂತು ಬರೆಯಲೇ ಎಂದರೆ ನಿಮ್ಮ ಮನೆಯವರು, ಕಾಕಾ, ಬಿಡಲಿಲ್ಲ, ಸರಕಾರದ ಕುರ್ಚಿ ಎಂದರು. ಕಟ್ಟೆಯ ಮೇಲೆ ಕೂತಿದ್ದೇನೆ. ಕಾಕಾ ದವಾಖಾನೆಗೆ ಬಂದು ಎಲ್ಲ ಹೇಳಿರುತ್ತಾರೆ. ಅವರದು ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ನಾನು ಪೂರಾ ಹೇಳುತ್ತೇನೆ.

ಬರುತ್ತೇನೆ ಎಂದು ಬರೆದಿರಲಿಲ್ಲ, ಆದರೆ ಅವ್ವನೊಬ್ಬಳನ್ನೇ ಓದಲು ಕಳಿಸಲು ಮನಸ್ಸು ಒಪ್ಪಲಿಲ್ಲ. ಹನ್ನೆರಡರ ಬೆಳಿಗ್ಗೆ ನವಲಗುಂದದಲ್ಲಿ ಬಸ್ಸಿಳಿದೆ. ಅವ್ವ ಆಗಲೇ ತಲೆಗೆ ಸೆರಗು ಹೊದ್ದು ಯರೇಕೊಪ್ಪದ ಬಸ್ಸಿಗೆ ನಿಂತಿದ್ದಳು. ನನ್ನನ್ನು ನೋಡಿದಳು. ಕೈಯಲ್ಲಿದ್ದ ಸಕ್ಕರೆಯ ಗಂಟನ್ನು ನನ್ನ ಕೈಗೆ ಹಾಕಿ ಬಸ್ಸು ಹತ್ತಿದಳು. ಅಷ್ಟೇ ಮಾತು ನಮ್ಮಿಬ್ಬರದು.

ಹಿರಿಯರು ಅಬ್ಬಾನ ಜಾಗದಲ್ಲಿ ನನ್ನನ್ನು ನಿಲ್ಲಿಸಿಕೊಂಡು ಹೊರಟರು. ಯಾರ ಮನೆಗೆ ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ನೀಲಕ್ಕನ ಹುಕುಂ ಎಂದಷ್ಟೇ ಹೇಳಿ ಮೀಸೆಯೊಳಗೆ ನಗುತ್ತಿದ್ದರು. ಕುರುಬರ ಓಣಿಗೆ ತಿರುಗಿದಾಗಲೂ ನನಗೆ ಹೊಳೆಯಲಿಲ್ಲ. ಮೈಲಾರವ್ವನ ಮನೆ ಮುಂದೆ ಹೋಗಿ ನಿಂತರು. ಅತ್ತಿ, ನೀವು ಎಂಥ ಹೆಣ್ಣುಮಗಳು!

ಭೀಮಶಿ ಟಂಟಂ ತೊಳೆಯುತ್ತಿದ್ದ. ನನ್ನನ್ನು ನೋಡಿ ಮುಖ ಬಿಗಿದ. ಹಿರಿಯರಲ್ಲಿ ಲಕ್ಕಪ್ಪಜ್ಜ ಮುಂದೆ ಹೋಗಿ, ಈ ಸಲ ಹುಸೇನಸಾಹೇಬರ ಪಂಜಾ ನೀ ಹೊರಬೇಕಂತ ಊರ ಮಾತು ಎಂದರು. ಅವನು ಹೌಹಾರಿ, ‘ನನಗ ಬ್ಯಾಡ’ ಎಂದ. ಹಿರಿಯರೆಲ್ಲ ತಲೆದೂಗಿ, ಸರಿಯಾಗಿ ಅಂದ ಎಂದರು. ಎರಡನೇ ಸಲ ಕೇಳಿದರು. ‘ಬ್ಯಾಡಂದ್ರ ಬ್ಯಾಡ, ಕನ್ನಡ ತಿಳಿಯೂದಿಲ್ಲೇನು’ ಎಂದು ಒದರಿದ. ಲಕ್ಕಪ್ಪಜ್ಜ ಸಂತೋಷದಿಂದ, ಇಷ್ಟು ಚಲೋ ಬ್ಯಾಡ ಅಂದವರನ್ನ ನಾ ಈ ವಯಸ್ಸಿನವರೆಗೂ ನೋಡಿಲ್ಲ ಎಂದರು. ಓಣಿಯ ಮಂದಿಯೆಲ್ಲ ಸೇರಿದ್ದರು. ಅಷ್ಟರಲ್ಲಿ ಅವನಿಗೆ ತಾನು ಎಲ್ಲಿ ಸಿಕ್ಕಿಬಿದ್ದೆ ಎಂಬುದು ತಿಳಿಯಿತು. ಹೌದು ಎಂದರೆ ಅವನ ಹಟ ಹೋಯಿತು, ಬೇಡ ಎಂದರೆ ಪಂಜಾ ಹೆಗಲಿಗೆ ಬಂತು! ಒಳಬಾಗಿಲಲ್ಲಿ ಮೈಲಾರವ್ವ ಬಂದು ನಿಂತಿದ್ದಳು. ತಿಂಗಳುಗಟ್ಟಲೆ ಮಗನ ಮುಖ ನೋಡದವಳು ನೋಡುತ್ತಿದ್ದಳು.

ಮೂರನೇ ಸಲ ಕೇಳಬೇಕಾದವನು ನಾನು. ಇವನಿಗೆ ಹೊರಿಸಿದರೆ ನನ್ನ ಅಬ್ಬಾ ಒಪ್ಪುತ್ತಿದ್ದರೇ ಎಂದು ಒಂದು ಗಳಿಗೆ ಅನ್ನಿಸಿತು. ಒಪ್ಪುತ್ತಿದ್ದರು. ಕೇಳಿದೆ. ಅವನು ಅವ್ವನ ಕಡೆ ನೋಡಿದ, ನನ್ನ ಕಡೆ ನೋಡಿದ. ಬಹಳ ಸಣ್ಣ ದನಿಯಲ್ಲಿ, ‘ನನಗ ಆ ಯೋಗ್ಯತಾ ಇಲ್ಲಲೇ’ ಎಂದ. ಈ ಸಲ ಅವನು ಹಟಕ್ಕೆ ಹೇಳಿದ್ದಲ್ಲ ಅತ್ತಿ, ನಿಜವಾಗಿ ಹೇಳಿದ. ಯಾರೂ ನಗಲಿಲ್ಲ. ಮೈಲಾರವ್ವ ಬಂದು ಮಗನ ತಲೆಯ ಮೇಲೆ ಕೈಯಿಟ್ಟಳು.

ನಾನು ಪಂಜಾಕ್ಕೆ ಕೈ ಮುಗಿಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಫಾತಿಹಾ ಓದಿದೆ, ಗಡಬಡಿಸದೆ ಪೂರಾ ಓದಿದೆ, ಸಕ್ಕರೆ ಹಂಚಿದೆ. ಮಿಕ್ಕ ಮಾತಿನ ಬಗ್ಗೆ ನಾವಿಬ್ಬರೂ ಬೇಕಾದಷ್ಟು ವರ್ಷ ಜಗಳಾಡೋಣ.

ಈಗ ಹದಿನೇಳರ ಮಾತು. ಮಧ್ಯಾಹ್ನ ದೇವರು ಹಳ್ಳಕ್ಕೆ ಹೊರಟವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಹಲಗೆಯ ಸಪ್ಪಳಕ್ಕೆ ಊರೇ ಕುಣಿಯುತ್ತಿತ್ತು. ನಾನು ಎಲ್ಲಕ್ಕಿಂತ ಮುಂದೆ, ನನ್ನ ಹಿಂದೆ ಪಂಜಾ ಹೊತ್ತ ಭೀಮಶಿ. ಊರ ಅಗಸಿ ಬಾಗಿಲು ದಾಟಿದೆವು. ಎದುರಿಗೆ ನಾಲ್ಕು ಬೈಕು ಬಂದು ಅಡ್ಡ ನಿಂತವು. ಅವನ ಜೊತೆ ಕೀಲಿ ಜಡಿಯಲು ಬಂದಿದ್ದ ಹೊರಗಿನ ಹುಡುಗರು. ಹಲಗೆ ನಿಂತಿತು. ಭೀಮಶಿಯ ಹೆಗಲ ಮೇಲಿನ ಪಂಜಾ ನೋಡಿ ಅವರಿಗೆ ಏನೂ ತಿಳಿಯಲಿಲ್ಲ. ಸಿಟ್ಟೆಲ್ಲ ನನ್ನ ಕಡೆ ತಿರುಗಿತು. ಊರಲ್ಲಿ ಒಂದೂ ಸಾಬರ ಮನೆ ಇಲ್ಲ, ಇವನು ಯಾರು, ಎಲ್ಲಿಂದ ಬಂದ, ಯಾರು ಕರೆಸಿದರು ಎಂದು ಒಬ್ಬ ಬೈಕಿನಿಂದಿಳಿದು ನನ್ನ ಎದೆಯ ಹತ್ತಿರಕ್ಕೆ ಬಂದ. ಸೂರತ್ತಿನ ಗಿರಣಿಯ ಬಾಗಿಲಲ್ಲಿ ಇದೇ ಮಾತು ಕೇಳಿದ್ದೆ. ಅವತ್ತು ತಲೆ ತಗ್ಗಿಸಿ ಬಂದಿದ್ದೆ. ಈ ಸಲ ಹಾಗೆ ಆಗಬಾರದೆಂದು ಗಟ್ಟಿಮನಸ್ಸು ಮಾಡಿ, ನಾನು ಮುಲ್ಲಾ ರಾಜೇಸಾಬರ ಮಗ, ನನ್ನ ಕೆಲಸಕ್ಕೆ ಬಂದಿದ್ದೇನೆ ಎಂದೆ.

ಆಗ ಭೀಮಶಿ ಪಂಜಾ ಸಮೇತ ನನ್ನನ್ನು ದಾಟಿ ಮುಂದೆ ಬಂದು ನಿಂತ. ‘ಇಂವ ನಮ್ಮ ಮುಲ್ಲಾ. ಏನರ ಕೇಳೂದಿದ್ರ ನನ್ನ ಕೇಳ್ರಿ’ ಎಂದ.

ಒದರಲಿಲ್ಲ, ಕೈ ಎತ್ತಲಿಲ್ಲ, ಅಷ್ಟೇ ಅಂದ. ಅವನ ಹಿಂದೆ ಇಡೀ ಊರು ಬಂದು ನಿಂತಿತು, ಹೆಣ್ಣುಮಕ್ಕಳೂ ಬಂದರು, ನೆಲ ನೋಡುತ್ತ ಕೂತಿದ್ದ ಹಿರಿಯರೂ ಬಂದರು. ಅವ್ವ ಮೈಲಾರವ್ವನ ಕೈ ಹಿಡಿದು ಎಲ್ಲರಿಗಿಂತ ಮುಂದೆ ಇದ್ದಳು. ಬೈಕಿನವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಂದ ದಾರಿಗೆ ಬೈಕು ತಿರುಗಿಸಿಕೊಂಡು ಹೋದರು.

ನಾನು ರಸ್ತೆಯ ಮೇಲೆ ನಿಂತಲ್ಲೇ ಅತ್ತುಬಿಟ್ಟೆ, ನಾಚಿಕೆ ಬಿಟ್ಟು ಅತ್ತೆ. ಭೀಮಶಿಯ ಕಣ್ಣೂ ತುಂಬಿತ್ತು, ಆದರೆ ಅವನ ಬಾಯಿ ಗೊತ್ತಲ್ಲ ನಿಮಗೆ. ‘ಅಳೂದು ಆಮ್ಯಾಲ ಇಟಗೊಳ್ಳಲೇ, ಪಂಜಾ ಭಾರ ಐತಿ. ನೀ ನಡದ್ರ ನಾವು ನಡಿತೀವಿ’ ಎಂದ.

ಕಣ್ಣೊರೆಸಿಕೊಂಡು ನಾನು ಮುಂದೆ ನಡೆದೆ. ಹಲಗೆ ಎದ್ದಿತು, ಇಡೀ ಯರೇಕೊಪ್ಪ ನನ್ನ ಹಿಂದೆ ಬಂತು.

ನಿಮ್ಮ ಊರ ಮುಲ್ಲಾ
ಹಜರತಅಲಿ